ಯಾರ ಮನೆಗೆ ಮೊದಲು ಹೋಗಬೇಕು?

ನಿನ್ನೆ ರಾತ್ರಿ ಯಾವ ಊರಿನಲ್ಲಿ ಎಷ್ಟು ಮಿಲಿಮೀಟರ್ ಮಳೆ ಬಿತ್ತು ಎಂಬುದು ಇವತ್ತು ಬೆಂಗಳೂರಿನಲ್ಲಿ ಕುಳಿತವರಿಗೆ ಕೂಡಲೇ ಗೊತ್ತಾಗುತ್ತದೆ. 1988ರಲ್ಲಿ ಬರದ ಮೇಲೆ ನಿಗಾ ಇಡಲೆಂದು ಹುಟ್ಟಿ, ಮುಂದೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿ ಬೆಳೆದ ಸಂಸ್ಥೆ, ಗ್ರಾಮ ಪಂಚಾಯಿತಿ ಮಟ್ಟದವರೆಗೂ ಮಳೆಮಾಪಕಗಳನ್ನು ನೆಟ್ಟಿದೆ. ಹೆಮ್ಮೆಪಡುವಂಥ ಕೆಲಸ. ಆದರೆ ಆ ಮಳೆಗೆ ಯಾರ ಮಣ್ಣಿನ ಗೋಡೆ ನೆನೆದು ನಿಂತಿದೆ, ಹಳ್ಳದಾಚೆ ಒಬ್ಬಳೇ ಇರುವ ಅಜ್ಜಿಗೆ ಕಿವಿ ಕೇಳಿಸುತ್ತದೆಯೇ, ಬಾಣಂತಿ ಇರುವ ಮನೆ ಯಾವುದು? ಇವು ನೀರಗಂಟಿಗೆ ಗೊತ್ತು, ಆಶಾ ಕಾರ್ಯಕರ್ತೆಗೆ ಗೊತ್ತು, ವಾರ್ಡಿನ ಸದಸ್ಯೆಗೆ ಗೊತ್ತು.

ರೆಡ್ ಅಲರ್ಟ್ ಊರಿಗೆ ತಲುಪಿದ ಮೇಲೂ ಜೀವ ಹೋದರೆ ಹೊಣೆ ಯಾರದು? ಎಚ್ಚರಿಕೆ ಕಳಿಸಿದವರು ತಮ್ಮ ಕೆಲಸ ಮುಗಿಯಿತು ಎನ್ನುತ್ತಾರೆ. ಊರಿನವರು ತಮಗೆ ಯಾರೂ ಏನೂ ಹೇಳಲಿಲ್ಲ ಎನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ನನ್ನನ್ನು ಕಾಡುವುದು ಅದೇ.

ಒಡಿಶಾವನ್ನು ನೋಡಿ. 1999ರ ಅಕ್ಟೋಬರ್ 29ರ ಮಹಾ ಚಂಡಮಾರುತಕ್ಕೆ ಅಲ್ಲಿ ಸುಮಾರು 10,000 ಜನ ಬಲಿಯಾದರು. ಆ ದುಃಖದಲ್ಲೇ ರಾಜ್ಯ ತನ್ನದೇ ವಿಪತ್ತು ಪ್ರಾಧಿಕಾರ ಕಟ್ಟಿಕೊಂಡಿತು. ದೇಶಕ್ಕೆ ವಿಪತ್ತು ನಿರ್ವಹಣಾ ಕಾನೂನು ಬಂದದ್ದು 2005ರಲ್ಲಿ. 2013ರಲ್ಲಿ ಫೈಲಿನ್ ಚಂಡಮಾರುತ ಬಂದಾಗ ಸುಮಾರು 10 ಲಕ್ಷ ಜನರನ್ನು ಮುಂಚಿತವಾಗಿಯೇ ಸ್ಥಳಾಂತರಿಸಲಾಯಿತು. ಸತ್ತವರ ಸಂಖ್ಯೆ ಹತ್ತುಗಳಲ್ಲಿ ಉಳಿಯಿತು. ಮನೆ ಬಿಟ್ಟು ಹೊರಡು ಎನ್ನುವುದು ಸಣ್ಣ ಮಾತಲ್ಲ. ಕಟ್ಟಿದ ಹಸು, ತುಂಬಿಟ್ಟ ಕಾಳು, ಬೀಗವಿಲ್ಲದ ಬಾಗಿಲು, ಎಲ್ಲವನ್ನೂ ಬಿಟ್ಟು ಹೊರಡಬೇಕು. ಅಪರಿಚಿತ ಅಧಿಕಾರಿ ಮೈಕಿನಲ್ಲಿ ಕೂಗಿದರೆ ಜನ ಅನುಮಾನಿಸುತ್ತಾರೆ. ದಿನವೂ ಕಾಣುವ ಮುಖ ಬಂದು ಬಾಗಿಲು ಬಡಿದು "ಏಳವ್ವ, ಹೋಗೋಣ" ಎಂದರೆ ಏಳುತ್ತಾರೆ. ಒಡಿಶಾದ ಕರಾವಳಿಯಲ್ಲಿ ಆಶ್ರಯ ಕಟ್ಟಡಗಳನ್ನು ನೋಡಿಕೊಳ್ಳಲು ಊರಿನವರದೇ ಸಮಿತಿಗಳಿವೆ. ಭುವನೇಶ್ವರದ ಯೋಜನೆಗೆ ಕಾಲು ಬಂದದ್ದು ಇಂಥವರಿಂದ.

ನಮ್ಮ ಕಾನೂನೂ ಇದನ್ನು ಬಲ್ಲದು. ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿ ಅಧ್ಯಕ್ಷರಾದರೆ, ಜನ ಆರಿಸಿದ ಜಿಲ್ಲಾ ಪಂಚಾಯಿತಿಯ ಮುಖ್ಯಸ್ಥರು ಸಹ-ಅಧ್ಯಕ್ಷರು. ಆದರೆ ಕರ್ನಾಟಕದಲ್ಲಿ 2021ರಲ್ಲಿ ಜಿಲ್ಲಾ ಪಂಚಾಯಿತಿಗಳ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಅಂಕೋಲಾದ ಶಿರೂರಿನಲ್ಲಿ 2024ರ ಜುಲೈಯಲ್ಲಿ ಗುಡ್ಡ ಕುಸಿದಾಗಲೂ ಆ ಕುರ್ಚಿ ಖಾಲಿಯಿತ್ತು. ಕುರ್ಚಿ ತುಂಬಿದ್ದರೆ ಗುಡ್ಡ ನಿಲ್ಲುತ್ತಿತ್ತು ಎಂದು ನಾನು ಹೇಳಲಾರೆ. ಆದರೆ ಜಿಲ್ಲೆಯ ಜನ ತಮ್ಮ ಭಯವನ್ನು ಹಕ್ಕಿನಿಂದ ಹೇಳಬಹುದಾಗಿದ್ದ ಜಾಗ ಅದು. ಅದನ್ನು ಹಾಗೆ ಖಾಲಿ ಬಿಟ್ಟದ್ದು ಅನ್ಯಾಯ.

ಪಂಚಾಯಿತಿಗಳಿಗೂ ಒಂದು ಕಟು ಮಾತು ಹೇಳಬೇಕು. 2018ರಲ್ಲಿ ಕೊಡಗಿನ ಗುಡ್ಡಗಳು ಜಾರಿದಾಗ, ಅತಿಯಾದ ಮಳೆಯ ಜೊತೆಗೆ ಇಳಿಜಾರನ್ನು ಮನಬಂದಂತೆ ಕೊರೆದದ್ದೂ ಕಾರಣ ಎಂದು ಭೂವಿಜ್ಞಾನಿಗಳು ಹೇಳಿದರು. ಮನೆ ಕಟ್ಟಲು ಪರವಾನಗಿ ಕೊಡುವುದು ಸ್ಥಳೀಯ ಸಂಸ್ಥೆ. ಹಳ್ಳದ ದಂಡೆ ಒತ್ತುವರಿಯಾದಾಗ ಪರಿಚಯದವರೆಂದು ಕಣ್ಣು ಮುಚ್ಚುವುದೂ ಊರೇ. ನೆರೆಹೊರೆಯ ಪರಿಚಯ ಜೀವ ಉಳಿಸುವಂತೆ ಜೀವ ತೆಗೆಯಲೂ ಬಲ್ಲದು. ರಾಜ್ಯದ ಯೋಜನೆಗೆ ಬೆಂಬಲ ಕೊಡುವುದೆಂದರೆ ಸುತ್ತೋಲೆಗೆ ಸಹಿ ಹಾಕುವುದಲ್ಲ. ಇಳಿಜಾರಿನಲ್ಲಿ ಕಟ್ಟಬೇಡ ಎಂದು ತನಗೆ ವೋಟು ಹಾಕಿದವನಿಗೇ ಹೇಳುವುದು.

ಬಿಸಿಲಿನ ವಿಷಯದಲ್ಲೂ ಅಷ್ಟೆ. ಬೇಸಿಗೆ ಬಂದರೆ ಕಲಬುರಗಿ ಭಾಗದ ಸರ್ಕಾರಿ ಕಚೇರಿಗಳ ವೇಳೆ ಬೆಳಗಿನ ಹೊತ್ತಿಗೆ ಬದಲಾಗುತ್ತದೆ. ಇಟ್ಟಿಗೆ ಭಟ್ಟಿಯ ಕೂಲಿಗೆ, ರಸ್ತೆಯ ಡಾಂಬರಿನ ಮೇಲೆ ನಿಂತ ಹೆಣ್ಣುಮಗಳಿಗೆ ಅಂಥ ಆದೇಶ ಬರುವುದಿಲ್ಲ. ಅವರು ಎಲ್ಲಿ ದುಡಿಯುತ್ತಾರೆ, ನೆರಳು ಎಲ್ಲಿದೆ, ಕುಡಿಯುವ ನೀರು ಎಷ್ಟು ದೂರ ಎಂಬುದು ಆ ಊರಿಗೆ ಮಾತ್ರ ಗೊತ್ತು.

ಮುಂಗಾರಿಗೆ ಮೊದಲೊಮ್ಮೆ, ಬೇಸಿಗೆಗೆ ಮೊದಲೊಮ್ಮೆ ಗ್ರಾಮಸಭೆ ಸೇರಲಿ. ಮೊದಲು ಹೋಗಬೇಕಾದ ಮನೆ ಯಾವುದು, ಕಾಳಜಿ ಕೇಂದ್ರ ಯಾವ ಶಾಲೆಯಲ್ಲಿ, ಅದರ ಬೀಗದ ಕೈ ಯಾರ ಬಳಿ ಎಂದು ಬರೆದು ತಾಲ್ಲೂಕಿಗೆ ಕಳಿಸಲಿ. ರಾಜ್ಯದ ಯೋಜನೆ ಆ ಪಟ್ಟಿಯಿಂದ ಶುರುವಾಗಲಿ. ಜೊತೆಗೆ, ಮೇಲಿನ ಮಂಜೂರಾತಿಗೆ ಕಾಯದೆ ವಿಪತ್ತಿನ ರಾತ್ರಿಯೇ ಖರ್ಚು ಮಾಡಬಹುದಾದ ಹಣ ಪಂಚಾಯಿತಿಯ ಕೈಯಲ್ಲಿರಲಿ.