ವಿದ್ಯಾಶಾಖೆಯೂ ಸ್ವಧರ್ಮವೂ

ತಂದೆಯ ಕೆಲಸವೇ ಮಗನ ಕೆಲಸವಾಗುತ್ತಿದ್ದ ಕಾಲದಲ್ಲಿ ವೃತ್ತಿಯನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವಿರಲಿಲ್ಲ; ಆದಕಾರಣ ಆಯ್ಕೆಯ ಕ್ಲೇಶವೂ ಇರಲಿಲ್ಲ. ಈಗ ಆ ಕಟ್ಟು ಸಡಿಲಿದೆ. ಅದು ಶ್ರೇಯಸ್ಕರವೇ ಸರಿ. ಆದರೆ ಹುಟ್ಟು ನಿರ್ಣಯಿಸುತ್ತಿದ್ದುದನ್ನು ಇನ್ನು ಮುಂದೆ ಯಾವುದು ನಿರ್ಣಯಿಸತಕ್ಕದ್ದು ಎಂಬ ಪ್ರಶ್ನೆ ಉಳಿದಿರುತ್ತದೆ. ಪ್ರತಿ ವರ್ಷವೂ ಸಾಮಾನ್ಯ ಪ್ರವೇಶ ಪರೀಕ್ಷೆಯ ಫಲಿತಾಂಶವು ಹೊರಬಿದ್ದ ಮೇಲೆ, ಹಲಸೂರಿನಿಂದ ಕೃಷ್ಣರಾಜಪುರದವರೆಗಿನ ಎಷ್ಟೋ ಮನೆಗಳಲ್ಲಿ ಇದೇ ಪ್ರಶ್ನೆ ಇನ್ನೊಂದು ರೂಪದಲ್ಲಿ ಏಳುವುದು: ಎಂಜಿನಿಯರಿಂಗ್ ವಿದ್ಯೆಯ ಯಾವ ಶಾಖೆಯನ್ನು ಹಿಡಿಯಬೇಕು?

ಮೊದಲು ಪೂರ್ವಪಕ್ಷವನ್ನು ಕೇಳುವುದು ನ್ಯಾಯ. ಮನೆಯ ಹಿರಿಯರು ಹೀಗೆನ್ನುತ್ತಾರೆ: “ಒಳ್ಳೆಯ ರ‍್ಯಾಂಕು ಬಂದಿದೆ, ಕಂಪ್ಯೂಟರ್ ಸೈನ್ಸ್ ದೊರೆಯುವುದು. ಅದನ್ನು ಬಿಟ್ಟು ಸಿವಿಲ್ ಸೇರಿದರೆ ರ‍್ಯಾಂಕು ವ್ಯರ್ಥ. ಸಾಲ ಮಾಡಿ ಓದಿಸುವವರು ಅಭಿರುಚಿಯನ್ನು ನೋಡುತ್ತ ಕೂಡಲಾಗುವುದೆ?” ಈ ಮಾತನ್ನು ಲೋಭವೆಂದು ಜರೆಯುವುದು ಸುಲಭ, ಆದರೆ ಯುಕ್ತವಲ್ಲ. ತಾವು ಪಟ್ಟ ಕಷ್ಟ ಮಕ್ಕಳಿಗೆ ಬಾರದಿರಲೆಂದು ಬಯಸುವುದು ವಾತ್ಸಲ್ಯದ ಲಕ್ಷಣ. ಹಾಗಿದ್ದರೂ ಈ ವಾದದೊಳಗೆ ಎರಡು ದೋಷಗಳು ಅಡಗಿವೆ.

ಮೊದಲನೆಯದು, ರ‍್ಯಾಂಕನ್ನು ಹಣದಂತೆ ಎಣಿಸುವುದು. ಹತ್ತು ರೂಪಾಯಿ ಕೈಯಲ್ಲಿದ್ದವನು ಎಂಟು ರೂಪಾಯಿಯ ವಸ್ತುವನ್ನು ಕೊಂಡರೆ ಎರಡು ರೂಪಾಯಿ ಕಳೆದುಕೊಂಡನೆಂದು ಯಾರೂ ಹೇಳರು. ರ‍್ಯಾಂಕಿನ ವಿಷಯದಲ್ಲಿ ಮಾತ್ರ ಹಾಗೆ ಹೇಳುತ್ತಾರೆ. ಭೌತ, ರಸಾಯನ, ಗಣಿತಗಳಲ್ಲಿ ವಿದ್ಯಾರ್ಥಿಯು ಇತರರಿಗಿಂತ ಎಷ್ಟು ಮುಂದಿರುವನೆಂಬುದನ್ನು ಆ ಅಂಕೆ ತಿಳಿಸುತ್ತದೆ. ಅವನ ಮನಸ್ಸು ಸೇತುವೆಯಲ್ಲಿದೆಯೋ ಯಂತ್ರದಲ್ಲಿದೆಯೋ ಎಂಬುದನ್ನು ಅದು ತಿಳಿಸಲಾರದು. ಅನೇಕ ಬಾಗಿಲುಗಳು ತೆರೆದಿವೆಯೆಂದ ಮಾತ್ರಕ್ಕೆ ಜನ ನೂಕಿಕೊಂಡು ಹೋಗುವ ಬಾಗಿಲಿನಲ್ಲಿಯೇ ನುಗ್ಗಬೇಕೆಂಬ ವಿಧಿಯಿಲ್ಲ.

ಎರಡನೆಯದು, ಇಂದಿನ ಬೆಲೆಯೇ ನಾಳೆಯ ಬೆಲೆಯೆಂದು ನಂಬುವುದು. ಬೆಂಗಳೂರಿನ ಪೂರ್ವಭಾಗವೇ ಇದಕ್ಕೆ ಉತ್ತರ ಹೇಳುತ್ತದೆ. ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದೊಡನೆ ಸೇರಿ 1940ರಲ್ಲಿ ಇಲ್ಲಿ ವಿಮಾನ ಕಾರ್ಖಾನೆಯನ್ನು ಸ್ಥಾಪಿಸಿದರು. 1948ರಲ್ಲಿ ಕೃಷ್ಣರಾಜಪುರದ ಬಳಿ ದೂರವಾಣಿ ಕಾರ್ಖಾನೆ ಬಂದಿತು. ಆ ಕಾಲದ ದೂರವಾಣಿ ವಿನಿಮಯ ಕೇಂದ್ರವು ಟಕಟಕನೆ ಚಲಿಸುವ ಲೋಹದ ಭಾಗಗಳ ಯಂತ್ರವಾಗಿತ್ತು. ಮುಂದೆ ಅದೇ ಕೆಲಸ ಎಲೆಕ್ಟ್ರಾನಿಕ್ಸಿನ ಪಾಲಾಯಿತು. ಆಮೇಲೆ ಗಣಕದ ಆಜ್ಞಾವಳಿಗೆ ಸೇರಿತು. ಕೆಲಸ ಒಂದೇ, ಶಾಖೆಗಳು ಮೂರು. ಬೈಯಪ್ಪನಹಳ್ಳಿಯಲ್ಲಿ ಟ್ರಾನ್ಸ್‌ಫಾರ್ಮರುಗಳನ್ನೂ ಮೋಟಾರುಗಳನ್ನೂ ತಯಾರಿಸುತ್ತಿದ್ದ ಎನ್.ಜಿ.ಇ.ಎಫ್. ಕಾರ್ಖಾನೆಯು ಈ ಶತಮಾನದ ಆರಂಭದಲ್ಲಿ ಮುಚ್ಚಿಹೋಯಿತು. ಅದೇ ಬೈಯಪ್ಪನಹಳ್ಳಿಯಿಂದ 2011ರ ಅಕ್ಟೋಬರಿನಲ್ಲಿ ನಗರದ ಮೊದಲ ಮೆಟ್ರೋ ರೈಲು ಇಂದಿರಾನಗರ, ಹಲಸೂರುಗಳ ಮೇಲೆ ವಿದ್ಯುತ್ತಿನಿಂದಲೇ ಓಡಿತು. ಕಾರ್ಖಾನೆ ಅಳಿಯಿತು, ವಿದ್ಯೆ ಅಳಿಯಲಿಲ್ಲ. ನಾಲ್ಕು ವರ್ಷಗಳಾಚೆಗಿನ ಪೇಟೆಯ ಧಾರಣೆಯನ್ನು ನುಡಿಯಬಲ್ಲ ಜ್ಯೋತಿಷಿ ಇನ್ನೂ ಹುಟ್ಟಿಲ್ಲ.

ಹಾಗಾದರೆ ಸಿದ್ಧಾಂತವೇನು? ಸ್ವಧರ್ಮವೆಂಬ ಮಾತನ್ನು ಬಹುಕಾಲ ಜನ್ಮಕ್ಕೆ ಕಟ್ಟಿಹಾಕಿದ್ದಾಯಿತು. ಅದನ್ನು ಸ್ವಭಾವಕ್ಕೆ ಅನ್ವಯಿಸಿ ನೋಡುವುದು ಲೇಸು. ಎಂಜಿನಿಯರನ ಕೆಲಸದಲ್ಲಿ ಒಂದು ವಿಶೇಷವುಂಟು. ಅದರ ಗುಣದೋಷಗಳ ಫಲವನ್ನು ಉಣ್ಣುವವರು ಅವನಿಗೆ ಅಪರಿಚಿತರು. ಕೃಷ್ಣರಾಜಪುರದಲ್ಲಿ ರೈಲುಹಳಿಗಳ ಮೇಲಿನ ತೂಗುಸೇತುವೆಯನ್ನು ದಾಟುವವನಿಗೆ ಅದರ ಉಕ್ಕಿನ ಹಗ್ಗಗಳ ಲೆಕ್ಕ ಹಾಕಿದವರಾರೆಂದು ತಿಳಿಯದು. 2016ರ ಮಾರ್ಚಿಯಲ್ಲಿ ಹಲಸೂರು ಕೆರೆಯ ಮೀನುಗಳು ರಾಶಿರಾಶಿಯಾಗಿ ಸತ್ತು ತೇಲಿದಾಗ, ನಗರದ ಕೊಳಚೆಯನ್ನು ಶುದ್ಧಿಮಾಡುವ ವಿದ್ಯೆಗೆ ಎಷ್ಟು ಬೆಲೆಯುಂಟೆಂಬುದು ಆ ದಡದವರಿಗೆ ಅರಿವಾಗಿರಬೇಕು. ಆಸ್ಪತ್ರೆಯ ಉಪಕರಣವನ್ನು ನಡೆಸುವ ಆಜ್ಞಾವಳಿಯ ಒಂದು ತಪ್ಪು ಕೂಡ ಪ್ರಾಣವನ್ನು ಮುಟ್ಟಬಲ್ಲುದು. ಆದ್ದರಿಂದ ಯಾವ ಶಾಖೆಯೂ ಮೇಲಲ್ಲ, ಯಾವುದೂ ಕೀಳಲ್ಲ. ಮನಸ್ಸಿಲ್ಲದ ಕೆಲಸಗಾರನು ಮೇಲಧಿಕಾರಿ ನೋಡುವಷ್ಟನ್ನು ಮಾಡಿ ಮುಗಿಸುವನು. ನೋಡದೆ ಬಿಟ್ಟ ಭಾಗದ ಸಾಲವನ್ನು ದಾರಿಹೋಕನು ತೀರಿಸಬೇಕಾಗುವುದು. ಶಾಖೆಯ ಆಯ್ಕೆ ಧರ್ಮದ ಪ್ರಶ್ನೆಯಾಗುವುದು ಇಲ್ಲಿಯೇ.

ಹದಿನೆಂಟರ ಹರೆಯದಲ್ಲಿ ಸ್ವಭಾವವನ್ನು ತಿಳಿಯುವುದೆಂತು ಎಂದು ಕೇಳಬಹುದು. ಶಂಕೆ ಸಾಧುವಾದುದೇ. ಒಂದು ವಿದ್ಯೆಯ ಹೊಳಪನ್ನು ಕಂಡು ಮೋಹಗೊಳ್ಳುವುದು ಸ್ವಭಾವದ ಕುರುಹಲ್ಲ. ಅದರ ನೀರಸವಾದ ಭಾಗವನ್ನು ಬೇಸರವಿಲ್ಲದೆ ಸಹಿಸಬಲ್ಲೆನೇ ಎಂದು ಕೇಳಿಕೊಳ್ಳಬೇಕು. ಬಿಸಿಲಿನಲ್ಲಿ ನೆಲವನ್ನಳೆಯುವುದು, ಯಂತ್ರದ ಸವೆತವನ್ನು ದಿನವೂ ಬರೆದಿಡುವುದು, ಸಾವಿರ ಸಾಲುಗಳ ನಡುವೆ ಒಂದು ತಪ್ಪನ್ನು ಹುಡುಕುವುದು, ಇವುಗಳಲ್ಲಿ ಯಾವುದಕ್ಕೆ ಮನಸ್ಸು ಮುರಿಯದೋ ಅದು ಅವನ, ಅಥವಾ ಅವಳ, ಶಾಖೆ. ಅಲ್ಲದೆ ಶಾಖೆಯೆಂಬುದು ಸೆರೆಮನೆಯಲ್ಲ. ವಿಶ್ವೇಶ್ವರಯ್ಯನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಓದಿದ ಮೇಲೆ ಪುಣೆಯಲ್ಲಿ ಸಿವಿಲ್ ಎಂಜಿನಿಯರಿಂಗ್ ಕಲಿತು 1883ರಲ್ಲಿ ತೇರ್ಗಡೆಯಾದರು. ಅಣೆಕಟ್ಟುಗಳಲ್ಲಿ ಹೆಸರು ಪಡೆದ ಅವರೇ ಮುಂದೆ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಭಾರವನ್ನೂ ಹೊತ್ತರು. ಅವರ ದಿವಾನಗಿರಿಯಲ್ಲಿ, 1917ರಲ್ಲಿ, ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು ಆರಂಭವಾದಾಗ ಕಂಪ್ಯೂಟರ್ ಸೈನ್ಸ್ ಎಂಬ ಹೆಸರೇ ಇರಲಿಲ್ಲವೆಂಬುದನ್ನೂ ನೆನೆಯಬಹುದು.

ಮನೆಯ ಋಣವೂ ಋಣವೇ. ಸಾಲ ತೀರಬೇಕಾದ, ತಂಗಿಯರು ಓದಬೇಕಾದ ಮನೆಯಲ್ಲಿ, ತನಗೆ ಒಗ್ಗುವ ಎರಡು ಮೂರು ಶಾಖೆಗಳೊಳಗೆ ಬೇಗನೆ ಅನ್ನ ಕೊಡುವುದನ್ನು ಆರಿಸಿಕೊಳ್ಳುವವನು ಸ್ವಭಾವಕ್ಕೆ ದ್ರೋಹ ಬಗೆದವನಲ್ಲ. ಆಯ್ಕೆಯ ಎಲ್ಲೆಯನ್ನು ಮನೆಯ ಅವಶ್ಯಕತೆ ಗೊತ್ತುಮಾಡಲಿ. ಎಲ್ಲೆಯೊಳಗಿನ ಮಾತನ್ನು ಓದುವವರ ಮನಸ್ಸು ಹೇಳಲಿ. ನೆರೆಮನೆಯವರ ಮೆಚ್ಚುಗೆಗೆ ಮಾತ್ರ ಇಲ್ಲಿ ಯಾವ ಅಧಿಕಾರವೂ ಇಲ್ಲ. ಆ ಮೆಚ್ಚುಗೆ ಒಂದು ವಾರದಲ್ಲಿ ಮುಗಿಯುವುದು. ಕೆಲಸವನ್ನು ನಲವತ್ತು ವರ್ಷ ಮಾಡಬೇಕಾಗುವುದು.