ಹೊರಟವಳ ಹಿಂದೆ

ಪಿಎಚ್.ಡಿ. ಮುಗಿದ ಮೇಲೆ ವಿಜ್ಞಾನದಲ್ಲಿ ಇನ್ನೊಂದು ಹೊಸ್ತಿಲಿದೆ, ಪೋಸ್ಟ್‌ಡಾಕ್. ಕೆಲವೇ ವರ್ಷಗಳ ಕೆಲಸ, ಎಷ್ಟೋ ಸಲ ದೂರದೇಶದಲ್ಲಿ. ಅದು ಬರುವುದೂ ಮಗು ತೊಡೆಯ ಮೇಲಿರುವ ವಯಸ್ಸಿನಲ್ಲೇ. ಗಂಡಸು ಹೊರಟರೆ ‘ಮುಂದೆ ಬಂದ’ ಎನ್ನುತ್ತೇವೆ. ಹೆಂಗಸು ಹೊರಟರೆ ‘ಮನೆ ಬಿಟ್ಟಳು’ ಎನ್ನುತ್ತೇವೆ.

1985ರಲ್ಲಿ ಹಂಗೆರಿಯ ಕಾಟಲಿನ್ ಕರಿಕೊ, ಸಂಶೋಧನೆಗೆ ಹಣ ನಿಂತಾಗ, ಫಿಲಡೆಲ್ಫಿಯಾದ ಟೆಂಪಲ್ ವಿಶ್ವವಿದ್ಯಾಲಯದಲ್ಲಿ ಇಂಥ ಕೆಲಸ ಹುಡುಕಿಕೊಂಡರು. ಗಂಡ, ಎರಡು ವರ್ಷದ ಮಗಳು ಜೊತೆಗೇ ಹೊರಟರು. ಕೂಡಿಟ್ಟ ಹಣ ಮಗುವಿನ ಗೊಂಬೆ ಕರಡಿಯೊಳಗೆ. 2023ರಲ್ಲಿ ಅವರಿಗೆ ನೊಬೆಲ್ ಬಂತು. ಈಗ ‘ಹೋಗಿದ್ದು ಸರಿ’ ಎನ್ನುವುದು ಸುಲಭ. ಬರದೇ ಹೋಗಿದ್ದರೆ?

ಆಗಲೂ ಸರಿಯೇ ಎಂದು ನನಗನ್ನಿಸುತ್ತದೆ. ಗಂಡಸರ ಪ್ರಯಾಣಕ್ಕೆ ನಾವೆಂದೂ ಮೊದಲೇ ಫಲ ಕೇಳಿದವರಲ್ಲವಲ್ಲ! ಮಗಳು ಅರ್ಜಿ ಬರೆಯಲು ಕೂತಾಗ ‘ಮನೆ, ಮಗು ಹೇಗೆ?’ ಎಂಬ ಪ್ರಶ್ನೆಯನ್ನು ಅಳಿಯನಿಗೂ ಕೇಳೋಣ.