ತಾಯಿ ಮರೆತರೂ ಮಕ್ಕಳು ಮರೆಯದಿರಲಿ



ಪವಿತ್ರ ಕುಟುಂಬದ ಹಬ್ಬದ ಬಲಿಪೂಜೆಯಲ್ಲಿ ಸಿರಾಖನ ಗ್ರಂಥದ ಮೂರನೆಯ ಅಧ್ಯಾಯವನ್ನು ಓದುವುದುಂಟು. ತಂದೆತಾಯಿಗಳನ್ನು ಗೌರವಿಸುವವರಿಗೆ ಸಿಗುವ ಆಶೀರ್ವಾದಗಳ ಮಾತು ಕಿವಿಗೆ ಹಿತವಾಗಿರುತ್ತದೆ. ಆದರೆ ಅಲ್ಲಿಯೇ ಬರುವ ಇನ್ನೊಂದು ಮಾತು ಎಷ್ಟೋ ಸಲ ನಮ್ಮ ಗಮನಕ್ಕೆ ಬಾರದೆ ಹೋಗುತ್ತದೆ. ಮುಪ್ಪಿನಲ್ಲಿ ತಂದೆಯ ಬುದ್ಧಿ ಕುಂದಿದರೂ ಮಗನು ತಾಳ್ಮೆಯಿಂದಿರಬೇಕು, ತನಗೆ ಶಕ್ತಿಯಿದೆಯೆಂದು ಅವನನ್ನು ಹೀನೈಸಬಾರದು ಎಂದು ಸಿರಾಖನು ಬುದ್ಧಿ ಹೇಳುತ್ತಾನೆ. ಕ್ರಿಸ್ತಪೂರ್ವ ಎರಡನೆಯ ಶತಮಾನದ ಈ ಜ್ಞಾನಿಗೆ ಆ ರೋಗದ ಹೆಸರು ತಿಳಿದಿರಲಿಲ್ಲ. ಆದರೆ ಅಂಥ ಮನೆಯ ಸಂಕಟ ತಿಳಿದಿತ್ತು.

ಹೆಸರು ಬಂದದ್ದು ಬಹಳ ತಡವಾಗಿ. 1901ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಆಸ್ಪತ್ರೆಗೆ ಆಗಸ್ಟೆ ಡೀಟರ್ ಎಂಬ 51 ವರ್ಷದ ಗೃಹಿಣಿಯನ್ನು ಸೇರಿಸಲಾಯಿತು. ತನ್ನ ಹೆಸರನ್ನು ಬರೆಯಲು ಹೇಳಿದರೂ ಆಕೆಗೆ ಪೂರ್ತಿ ಬರೆಯಲಾಗುತ್ತಿರಲಿಲ್ಲ. ತನ್ನನ್ನು ತಾನೇ ಕಳೆದುಕೊಂಡಿರುವುದಾಗಿ ಆಕೆ ಹೇಳಿದಳು. ಆಕೆಯನ್ನು ಪರೀಕ್ಷಿಸಿದ ವೈದ್ಯರು ಆಲೋಯಿಸ್ ಆಲ್ಝೈಮರ್. 1906ರಲ್ಲಿ ಆಕೆ ತೀರಿಕೊಂಡ ಮೇಲೆ ಮೆದುಳನ್ನು ಪರೀಕ್ಷಿಸಿ, ಅಲ್ಲಿ ಕಂಡ ಬದಲಾವಣೆಗಳನ್ನು ಲೋಕಕ್ಕೆ ತಿಳಿಸಿದರು. 1910ರಲ್ಲಿ ರೋಗಕ್ಕೆ ಅವರ ಹೆಸರನ್ನೇ ಇಡಲಾಯಿತು. ನಮ್ಮ ದೇಶದಲ್ಲಿ 60 ದಾಟಿದವರಲ್ಲಿ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಷಿಯಾ, ಅಂದರೆ ಬುದ್ಧಿ ಕುಂದುವ ಕಾಯಿಲೆ ಇದೆಯೆಂದು 2023ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿದೆ. ಅದಕ್ಕೆ ಮುಖ್ಯ ಕಾರಣ ಆಲ್ಝೈಮರ್ ರೋಗ.

‘ಅರವತ್ತಕ್ಕೆ ಅರಳು ಮರಳು’ ಎಂದು ನಾವು ನಗುತ್ತಾ ಹೇಳಿಬಿಡುತ್ತೇವೆ. ಇದು ವಯಸ್ಸಿನ ಸಹಜ ಮರೆವಲ್ಲ, ರೋಗ. ಥೈರಾಯಿಡ್ ದೋಷ, ಬಿ12 ಜೀವಸತ್ವದ ಕೊರತೆ, ಮನಸ್ಸಿನ ಖಿನ್ನತೆ ಇವುಗಳಿಂದಲೂ ಮರೆವು ಬರಬಹುದು. ಅವುಗಳಿಗೆ ಚಿಕಿತ್ಸೆ ಇದೆ. ಆದ್ದರಿಂದ ಮೊದಲು ವೈದ್ಯರಿಗೆ ತೋರಿಸಬೇಕು. ಆಲ್ಝೈಮರ್ ರೋಗವನ್ನು ಪೂರ್ತಿ ಗುಣಪಡಿಸುವ ಔಷಧಿ ಇನ್ನೂ ಬಂದಿಲ್ಲ. ಅಲ್ಲಿ ಆರೈಕೆಯೇ ದೊಡ್ಡ ಔಷಧಿ.

ಆ ಆರೈಕೆಯ ಭಾರವೇನೆಂಬುದನ್ನು ರೋಗಿಗಳಿಗೆ ಪರಮಪ್ರಸಾದ ಕೊಂಡೊಯ್ಯುವಾಗ ಕಾಣುತ್ತೇವೆ. ಒಂದು ಮನೆಯ ಸೊಸೆ ಬಾಗಿಲ ಬಳಿ ನಿಂತು ಕೇಳಿದಳು: “ಫಾದರ್, ಅತ್ತೆಗೆ ನಾನು ಯಾರೂಂತಾನೇ ಗೊತ್ತಿಲ್ಲ. ಊಟ ಮಾಡಿಸಿ ಕೈ ತೊಳೆಯೋದ್ರೊಳಗೆ, ಈ ಮನೇಲಿ ನಂಗೆ ಅನ್ನ ಹಾಕಲ್ಲ ಅಂತ ಪಕ್ಕದ ಮನೆಯವ್ರಿಗೆ ಹೇಳ್ತಾರೆ. ಇಷ್ಟೆಲ್ಲಾ ಮಾಡಿ ಏನು ಬಂತು?” ಆ ತಾಯಿಗೆ ನಾಲ್ವರು ಮಕ್ಕಳು. ಆರೈಕೆ ಮಾತ್ರ ಈ ಒಬ್ಬಳದು. ಇಂಥ ಮನೆಗಳು ನಮ್ಮ ಧರ್ಮಕೇಂದ್ರಗಳಲ್ಲಿ ಒಂದೆರಡಲ್ಲ.

ಏನು ಬಂತು? ಈ ಪ್ರಶ್ನೆಯನ್ನು ಹಗುರವಾಗಿ ಕಾಣಬಾರದು. ಮನುಷ್ಯನು ನಿನ್ನೆಯ ತಾನೇ ಇಂದಿನ ತಾನು ಎಂದು ಹೇಳಲು ಅವನ ನೆನಪೇ ಆಧಾರವೆಂದು 17ನೆಯ ಶತಮಾನದ ತತ್ತ್ವಜ್ಞಾನಿ ಜಾನ್ ಲಾಕ್ ವಾದಿಸಿದರು. ಹಾಗಾದರೆ ನೆನಪು ಹೋದ ತಾಯಿ ತಾಯಿಯಲ್ಲವೇ? ಧರ್ಮಸಭೆಯ ಉತ್ತರ ನಮ್ಮ ಜ್ಞಾನಸ್ನಾನದ ತೊಟ್ಟಿಯಲ್ಲಿಯೇ ಇದೆ. ಅಲ್ಲಿಗೆ ತರುವ ಹಸುಗೂಸಿಗೆ ತನ್ನ ಹೆಸರು ಗೊತ್ತಿಲ್ಲ, ಎತ್ತಿಕೊಂಡವರು ಯಾರೆಂದು ಗೊತ್ತಿಲ್ಲ, ಪ್ರಾರ್ಥನೆ ಗೊತ್ತಿಲ್ಲ. ಆದರೂ ಅದನ್ನು ಹೆಸರು ಹಿಡಿದು ಕರೆದು ದೇವರ ಮಗುವಾಗಿ ಸ್ವೀಕರಿಸುತ್ತೇವೆ. ನೆನಪು ಬರುವ ಮುನ್ನವೇ ಇದ್ದ ಘನತೆ ನೆನಪು ಹೋದ ಮೇಲೆ ಎಲ್ಲಿಗೆ ಹೋದೀತು? ತಾಯಿ ತನ್ನ ಕೂಸನ್ನು ಮರೆತರೂ ತಾನು ಮರೆಯುವುದಿಲ್ಲವೆಂದು ಪ್ರವಾದಿ ಯೆಶಾಯನ ಬಾಯಿಂದ ದೇವರು ನುಡಿದಿದ್ದಾರೆ. ಆ ದೈವವಾಕ್ಯ ಈ ಮನೆಗಳಲ್ಲಿ ಅಕ್ಷರಶಃ ನಿಜವಾಗುತ್ತದೆ. ಮರೆತ ತಾಯಿಯನ್ನು ದೇವರು ಮರೆತಿಲ್ಲವೆಂಬುದು ಅನ್ನ ಕಲಸಿ ತುತ್ತು ಕೊಡುವ ಕೈಯಿಂದಲೇ ಆಕೆಗೆ ತಲುಪಬೇಕಾಗಿದೆ. ಆ ಸೊಸೆಯ ಪ್ರಶ್ನೆಗೆ ಉತ್ತರ ಅದು.

ಅತ್ತೆಯ ದೂರು ಸುಳ್ಳಲ್ಲ, ರೋಗ. ಉಂಡದ್ದು ಅವರ ನೆನಪಿನಲ್ಲಿ ನಿಂತಿಲ್ಲ. ವಾದಿಸಿ ಗೆಲ್ಲಲು ಹೋದರೆ ಇಬ್ಬರಿಗೂ ನೋವು. “ಆಗಲಿ ಅತ್ತೆ, ಈಗ ಕೊಡ್ತೀನಿ” ಎಂದು ಒಂದು ಬಿಸ್ಕತ್ತು ಕೊಟ್ಟು ಮಾತು ಬದಲಿಸುವುದು ಮೇಲು. ಸ್ನಾನ, ಊಟ, ನಿದ್ದೆ ದಿನವೂ ಒಂದೇ ಹೊತ್ತಿಗೆ ನಡೆಯಲಿ. ಹೊರಗೆ ಹೋಗಿ ದಾರಿ ತಪ್ಪುವವರ ಬಟ್ಟೆಯಲ್ಲಿ ವಿಳಾಸದ ಚೀಟಿ ಇರಲಿ. ಹಳೆಯ ನೆನಪುಗಳು ಕೊನೆಯವರೆಗೂ ಅಲ್ಪಸ್ವಲ್ಪ ಉಳಿಯುವುದುಂಟು. ಮಗನ ಹೆಸರು ಹೇಳಲಾರದ ಅಜ್ಜಿ, ಜಪಸರ ಕೈಗಿತ್ತು ನಮೋ ಮರಿಯಾ ಪ್ರಾರ್ಥನೆ ಆರಂಭಿಸಿದರೆ ತುಟಿ ಅಲುಗಿಸುತ್ತಾರೆ. ಸಂಜೆಯ ಕುಟುಂಬ ಪ್ರಾರ್ಥನೆಯಿಂದ ಅವರನ್ನು ದೂರ ಕೂರಿಸಬೇಡಿ.

ಇನ್ನು ಉಳಿದ ಮೂವರು ಮಕ್ಕಳಿಗೆ ಒಂದು ಮಾತು. ತಂದೆತಾಯಿಗಳನ್ನು ಗೌರವಿಸಬೇಕೆಂಬ ನಾಲ್ಕನೆಯ ಕಟ್ಟಳೆಯನ್ನು ದೇವರು ಕೊಟ್ಟದ್ದು ಮಕ್ಕಳೆಲ್ಲರಿಗೆ. ಕಿರಿಯ ಸೊಸೆಯೊಬ್ಬಳಿಗೆ ಅಲ್ಲ. ತಿಂಗಳಿಗೊಮ್ಮೆ ಹಣ ಕಳಿಸಿ, ಹಬ್ಬಕ್ಕೆ ಬಂದಾಗ “ಅಮ್ಮ ಯಾಕೆ ಇಷ್ಟು ಸೊರಗಿದ್ದಾರೆ?” ಎಂದು ಕೇಳುವುದು ಗೌರವವಲ್ಲ. ಕಲ್ವಾರಿಯ ದಾರಿಯಲ್ಲಿ ಯೇಸುಸ್ವಾಮಿಯ ಶಿಲುಬೆಗೂ ಸಿರೇನಿನ ಸಿಮೋನನು ಹೆಗಲು ಕೊಡಬೇಕಾಯಿತು. ಸ್ವಾಮಿಯೇ ಒಬ್ಬರಾಗಿ ಹೊರದ ಭಾರವನ್ನು ಒಬ್ಬ ಹೆಣ್ಣುಮಗಳು ವರ್ಷಗಟ್ಟಲೆ ಹೊರಲೆಂದು ಬಿಡುವುದು ನ್ಯಾಯವೇ? ವರ್ಷಕ್ಕೆ ಒಂದು ತಿಂಗಳಾದರೂ ಬಂದು ಮನೆಯಲ್ಲಿದ್ದು ನೋಡಿಕೊಳ್ಳಿ. ರಾತ್ರಿ ನಾಲ್ಕು ಸಲ ಎದ್ದು ನೋಡಿ. ಆಗ ಪ್ರಶ್ನೆಗಳು ತಾವಾಗಿ ಕಡಿಮೆಯಾಗುತ್ತವೆ. ಮನೆಯಲ್ಲಿ ಸಾಧ್ಯವೇ ಇಲ್ಲದಾಗ ಒಳ್ಳೆಯ ಆರೈಕೆ ಕೇಂದ್ರಕ್ಕೆ ಸೇರಿಸುವುದು ಪಾಪವಲ್ಲ. ಸೇರಿಸಿ ಮರೆತುಬಿಡುವುದು ಪಾಪ.

ಆರೈಕೆ ಮಾಡುವವರೇ, ದಣಿವಿನಿಂದ ಮನಸ್ಸಿನಲ್ಲಿ ಸಿಟ್ಟು ಏಳುವುದು ತಾನಾಗಿಯೇ ಪಾಪವಲ್ಲ. ಕೈ ಎತ್ತುವಷ್ಟು ಸಿಟ್ಟು ಬಂದಾಗ ಅಂಗಳಕ್ಕೆ ಬಂದು ಐದು ನಿಮಿಷ ನಿಲ್ಲಿರಿ. ರೋಗಿಯನ್ನು ಬಿಟ್ಟು ಬರಲಾಗದೆ ಭಾನುವಾರದ ಪೂಜೆ ತಪ್ಪಿದರೆ ಅಂಜಬೇಡಿ. ಗಂಭೀರ ಕಾರಣವಿರುವವರ ಮೇಲೆ ಧರ್ಮಸಭೆ ಆ ಹೊರೆಯನ್ನು ಹೊರಿಸುವುದಿಲ್ಲ. ರೋಗಿಗಳ ಅಭ್ಯಂಗ ಸಾಯುವ ಗಳಿಗೆಗೆ ಮಾತ್ರ ಮೀಸಲಾದ ಸಂಸ್ಕಾರವಲ್ಲ. ಗುರುಗಳನ್ನು ಮೊದಲೇ ಕರೆಯಿರಿ.

ಧರ್ಮಕೇಂದ್ರಕ್ಕೂ ಇಲ್ಲಿ ಪಾಲಿದೆ. ಪೋಪ್ ಫ್ರಾನ್ಸಿಸ್ ಅವರು 2021ರಲ್ಲಿ ಆರಂಭಿಸಿದ ಅಜ್ಜ ಅಜ್ಜಿಯರ ಹಾಗೂ ಹಿರಿಯರ ವಿಶ್ವದಿನವನ್ನು ಜುಲೈ ತಿಂಗಳ ನಾಲ್ಕನೆಯ ಭಾನುವಾರ ಆಚರಿಸುತ್ತೇವೆ. ಹೂವು ಕೊಟ್ಟು, ಶಾಲು ಹೊದಿಸಿ, ಫೋಟೋ ತೆಗೆದರೆ ಮುಗಿಯಿತೇ? ಆ ದಿನ ದೇವಾಲಯಕ್ಕೆ ಬರಲಾಗದವರ ಮನೆಗೆ ಕಿರು ಕ್ರೈಸ್ತ ಸಮುದಾಯದ ಇಬ್ಬರು ಹೋಗಲಿ. ವಾರಕ್ಕೆ ಎರಡು ಗಂಟೆ ಹಿರಿಯರ ಬಳಿ ಕುಳಿತರೆ ಆ ಮನೆಯ ಹೆಣ್ಣುಮಗಳು ಪೂಜೆಗೆ ಬಂದಾಳು, ಇಲ್ಲವೇ ಸುಮ್ಮನೆ ನಿದ್ದೆ ಮಾಡಿಯಾಳು. ಅದೂ ದೇವರಿಗೆ ಮೆಚ್ಚುಗೆಯೇ.

ಮುಪ್ಪಿನಲ್ಲಿ ಬೇರೊಬ್ಬರು ನಡುಕಟ್ಟಿ, ಮನಸ್ಸಿಲ್ಲದ ಕಡೆಗೆ ಕರೆದೊಯ್ಯುವರೆಂದು ಪುನರುತ್ಥಾನರಾದ ಸ್ವಾಮಿ ಪೇತ್ರನಿಗೆ ಹೇಳಿದ್ದರು. ನಾಳೆ ಆ ಸರದಿ ನಮ್ಮದೂ ಆಗಬಹುದು. ಇಂದು ನಮ್ಮ ಮಕ್ಕಳು ನಮ್ಮನ್ನು ನೋಡುತ್ತಾ ಕಲಿಯುತ್ತಿದ್ದಾರೆ.

ಯಾರನ್ನೂ ಮರೆಯದ ತಂದೆಯೇ, ತಮ್ಮ ಹೆಸರನ್ನೇ ಮರೆತವರನ್ನು ನಿಮ್ಮ ಅಂಗೈಯಲ್ಲಿ ಕಾಪಾಡಿರಿ. ಅವರನ್ನು ನೋಡಿಕೊಳ್ಳುವವರಿಗೆ ತಾಳ್ಮೆ ಕೊಡಿರಿ, ನಿದ್ದೆ ಕೊಡಿರಿ, ಹೆಗಲು ಕೊಡುವ ಒಡಹುಟ್ಟಿದವರನ್ನೂ ಕೊಡಿರಿ. ಆಮೆನ್.